ಎರಡು ಬ್ಯಾಕ್

ಭಾನುವಾರ, ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ಫೋನಿನಲ್ಲಾದರೆ 'ಕ್ಲಾಸಿದೆ ಅಮ್ಮ' ಎಂದು ಇಟ್ಟುಬಿಡುತ್ತೀಯ. ಕಾಗದವನ್ನು ನೀನು ಹಾಗೆ ಕತ್ತರಿಸಲಾರೆ ಎಂದೇ ಬರೆಯುತ್ತಿದ್ದೇನೆ. ನೀನು ರಿಪೇರಿಗೆ ಕಳಿಸಿದ ಲ್ಯಾಬ್ ಕೋಟಿನ ಜೊತೆ ಇಟ್ಟಿದ್ದೇನೆ. ಆಸಿಡ್ ಬಿದ್ದು ತೋಳು ತೂತಾಗಿದ್ದ ಕಡೆ ತೇಪೆ ಹಾಕಿದೆ.

ಪುಟ್ಟಿ, ನನ್ನ ಕಿವಿಯ ಮೇಲೆ ಹೂವಿಡಬೇಡ. ಇಂಜಿನಿಯರಿಂಗ್ ಸೇರಿ ಮೊದಲ ಸೆಮಿಸ್ಟರ್ ಮುಗಿಯಿತು. ರಜೆಗೆ ಎಲ್ಲರ ಮಕ್ಕಳೂ ಬಂದರು, ನೀನು ಬರಲಿಲ್ಲ. ಹೇಗಿದ್ದೀಯ ಎಂದರೆ 'ಸೂಪರ್' ಅನ್ನುತ್ತೀಯ. ಊಟ ಸೂಪರ್, ಪಾಠ ಸೂಪರ್. ಉಪ್ಪು ಒಂದು ಕಲ್ಲು ಕಡಿಮೆಯಾದರೂ ತಟ್ಟೆ ದೂಡುತ್ತಿದ್ದವಳು ನೀನು!

ಹೋದ ಸಲ ಬಂದಾಗ ಬೆರಳ ತುದಿಯಲ್ಲಿ ಚುಚ್ಚಿದ ಗುರುತುಗಳಿದ್ದವು. ನಾನು ಕೇಳುವ ಮೊದಲೇ, ಡ್ರಾಯಿಂಗ್ ಕ್ಲಾಸಿನ ಕಂಪಾಸ್ ಚುಚ್ಚಿತು ಎಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ನೀನು ಹುಟ್ಟುವ ಮೊದಲಿನಿಂದ ಸೂಜಿ ಹಿಡಿದವಳು ನಾನು, ಹೊಲಿಯುವವರ ಬೆರಳು ನನಗೆ ಗೊತ್ತಾಗದೇ?

ನಿನ್ನೆ ನಿನ್ನ ಫೋನನ್ನು ರೂಮ್‌ಮೇಟ್ ಎತ್ತಿದಳು. ಪಾಪದ ಹುಡುಗಿ, ಬಾಯಿ ಬಿಟ್ಟಳು: 'ಅವಳಿಗೆ ಎರಡು ಬ್ಯಾಕ್ ಇದೆ ಆಂಟಿ, ಅದು ಮುಗಿಯೋವರೆಗೂ ಮನೆಗೆ ಬರಲ್ವಂತೆ.' ನನ್ನ ಕೈಯಲ್ಲಿದ್ದ ಕತ್ತರಿ ಅಲ್ಲೇ ನಿಂತಿತು. ಅಂಗಿಯ ಬ್ಯಾಕ್ ಯಾವುದು, ಫ್ರಂಟ್ ಯಾವುದು ಎಂದು ನನಗೆ ಹೇಳಿಕೊಡಬೇಕೇ? ಯಾವ ಟೈಲರ್ ಅಂಗಡಿ ಸೇರಿದ್ದೀಯ? ಬರೀ ಬ್ಯಾಕ್ ಹೊಲಿಸುತ್ತಿದ್ದಾನೆಂದರೆ ಫ್ರಂಟ್ ಕೊಡುವಷ್ಟು ನಂಬಿಕೆಯೂ ಅವನಿಗಿಲ್ಲ! ಈ ಹೊಲಿಗೆ ಮಿಷನ್ನು ನನ್ನ ಸೊಂಟ ತಿಂದದ್ದು ಸಾಲದೇ? ನೀನು ಇದರ ಮುಂದೆ ಕೂರಬಾರದೆಂದೇ ಅಲ್ಲವೇ ಅಷ್ಟು ದೂರ ಕಳಿಸಿದ್ದು? ಓದು ಬಿಟ್ಟೆಯೋ ಏನೋ ಎಂದು ಹೆದರಿಕೆಯಾಗುತ್ತಿದೆ. ನಿಜ ಹೇಳು.

ನಿನ್ನ ಅಮ್ಮ

ತಾ.ಕ.: ಪೊಟ್ಟಣ ಕಟ್ಟುವಷ್ಟರಲ್ಲಿ ಇಲ್ಲಿನ ಕಾಲೇಜಿನ ಗಣಿತದ ಮೇಡಂ ರವಿಕೆಗೆ ಅಳತೆ ಕೊಡಲು ಬಂದರು. ಅವರನ್ನೇ ಕೇಳಿದೆ. ನಕ್ಕು ನಕ್ಕು ಅವರ ಅಳತೆಯೇ ಸಿಗಲಿಲ್ಲ. ಬ್ಯಾಕ್ ಎಂದರೆ ಫೇಲಾದ ವಿಷಯವಂತೆ, ಪರೀಕ್ಷೆ ಮತ್ತೆ ಬರೆಯಬೇಕಂತೆ, ಮೊದಲ ವರ್ಷ ಎಷ್ಟೋ ಮಕ್ಕಳಿಗೆ ಹೀಗಾಗುತ್ತದಂತೆ. ಹಾಗಾದರೆ ಬೆರಳಿಗೆ ಚುಚ್ಚಿದ್ದೂ ಕಂಪಾಸೇ ಅನ್ನು. ಇಷ್ಟಕ್ಕೆ ನನಗೆ ಹೆದರಿ ರಜೆಯೆಲ್ಲ ಹಾಸ್ಟೆಲ್ಲಿನಲ್ಲಿ ಕೂತೆಯಾ? ನನ್ನ ಕೈಯಲ್ಲಿ ಎಷ್ಟು ಬ್ಯಾಕ್ ಕೆಟ್ಟಿಲ್ಲ! ಬಿಚ್ಚಿ ಮತ್ತೆ ಹೊಲಿಯುತ್ತೇನೆ, ಬಟ್ಟೆ ಎಸೆಯುವುದಿಲ್ಲ. ಶನಿವಾರ ಬಾ, ಇಲ್ಲೇ ಓದಿಕೋ. ಒಟ್ಟು ಆರು ವಿಷಯವಂತೆ. ಹಾಗಾದರೆ ನಾಲ್ಕು ಪಾಸಾಗಿದೆ. ಅದನ್ನಾದರೂ ಹೇಳಬಹುದಿತ್ತಲ್ಲೇ, ಕಳ್ಳಿ.