ಉಪವಾಸವಿರದ ಕೌದಿ

ಸವಣೂರು
೧೪ ನವೆಂಬರ್ ೨೦೨೫

ಪ್ರೀತಿಯ ಅತ್ತೆಯವರಿಗೆ, ಸೊಸೆ ಸುಧಾರಾಣಿಯ ಶರಣು.

ಹೇಗಿದ್ದೀರಿ? ಐದು ತಿಂಗಳ ಹಿಂದೆ ನಾವೇ ಮಣ್ಣು ಕೊಟ್ಟು ಬಂದ ನಿಮ್ಮನ್ನು ಹೀಗೆ ಕೇಳುವುದು ಸರಿಯೋ ತಪ್ಪೋ ಗೊತ್ತಿಲ್ಲ. ಆದರೆ ಕ್ಷೇಮ ವಿಚಾರಿಸದೆ ಸುದ್ದಿಗೆ ಕೈ ಹಾಕಿದರೆ ‘ಸೊಸಿಗೆ ರೀತಿ-ರಿವಾಜು ಇಲ್ಲ’ ಎಂದು ಅಲ್ಲಿಂದಲೇ ಬೈಯುತ್ತೀರಿ. ಮೊಣಕಾಲು ನೋವು ಕಡಿಮೆಯಾಯಿತೇ? ನಮ್ಮವರ ಪದ್ಧತಿಯಂತೆ ನಿಮ್ಮನ್ನು ಸಮಾಧಿಯಲ್ಲಿ ಕೂರಿಸಿಯೇ ಕಳಿಸಿದೆವು. ಕೌದಿ ಹೊಲಿಯಲು ಇದೇ ಅನುಕೂಲವೆಂದು ಅಳುವಿನ ನಡುವೆಯೂ ನನಗೆ ಹೊಳೆದಿತ್ತು, ಕ್ಷಮಿಸಿ. ಒಂದು ವಿಚಾರ ಮಾತ್ರ ಕೊರೆಯುತ್ತಿದೆ. ನಿಮ್ಮ ಸೆರಗಿಗೆ ಸದಾ ಚುಚ್ಚಿರುತ್ತಿದ್ದ ಸೂಜಿ ಆ ದಿನ ಎಷ್ಟು ಹುಡುಕಿದರೂ ಸಿಗಲಿಲ್ಲ. ನೀವೇ ಎಲ್ಲೋ ಮುಚ್ಚಿಟ್ಟುಕೊಂಡು ಒಯ್ದಿರೆಂದು ಪಕ್ಕದ ಮನೆಯ ಕುಲಸುಮಬಿಯ ಗುಮಾನಿ.

ಇಲ್ಲಿ ನಾವೆಲ್ಲ ಕ್ಷೇಮ. ಮನೆಯೂ ಕ್ಷೇಮ ಎಂದು ಬರೆಯಬೇಕು, ಕೈ ಬರುತ್ತಿಲ್ಲ. ನಡುಮಧ್ಯಾಹ್ನ ಪಡಸಾಲೆಯಲ್ಲಿ ಯಾರೂ ಇಲ್ಲದಾಗ, ದಾರವನ್ನು ಹಲ್ಲಿನಿಂದ ಕಡಿದಂತೆ ‘ಟಕ್’ ಎಂಬ ಸದ್ದು ಬರುತ್ತದೆ. ಉಳಿದಿದ್ದ ನಾಲ್ಕು ಹಲ್ಲುಗಳಲ್ಲಿ ಎರಡನ್ನು ಊಟಕ್ಕೆ, ಎರಡನ್ನು ದಾರಕ್ಕೆ ಮೀಸಲಿಟ್ಟವರು ನೀವು. ಆ ಸದ್ದಿನ ಗುರುತು ನನಗಿಲ್ಲವೇ? ಇಲಿ ಇರಬೇಕೆಂದು ನಿಮ್ಮ ಮಗ ಬೋನು ಇಟ್ಟರು. ಇಲಿ ಬೀಳಲಿಲ್ಲ. ಬೋನಿನ ಬಾಯಿಗೆ ಮಾತ್ರ ಕೆಂಪು ದಾರ ಸುತ್ತಿಕೊಂಡಿತ್ತು, ಕೊನೆಗೆ ನಿಮ್ಮದೇ ಜೋಡಿ ಗಂಟು. ಅಂದಿನಿಂದ ನಿಮ್ಮ ಮಗ ಪಡಸಾಲೆ ದಾಟುವಾಗ ಯಾರೂ ಕೇಳದಿದ್ದರೂ ಕೆಮ್ಮಿ ದಾಟುತ್ತಾರೆ.

ಇನ್ನು ಸುದ್ದಿ. ಮನೆಯಲ್ಲಿ ಕೂತು ದುಡಿಯುವ ಹೆಂಗಸರಿಗೆ ಗುರುತಿನ ಚೀಟಿ ಕೊಡುತ್ತೇವೆಂದು ಹೋದ ತಿಂಗಳು ಕಾರ್ಮಿಕ ಕಚೇರಿಯವರು ಬಂದಿದ್ದರು. ಚೀಟಿ ಇದ್ದರೆ ಕೂಲಿ ಹೆಚ್ಚಿಸಿ ಎನ್ನಲು ಬಾಯಿ ಬರುತ್ತದೆ, ಕಣ್ಣು ಮಂಜಾದ ದಿನ ನೆರವು ಕೇಳಲು ಹಕ್ಕಿರುತ್ತದೆ. ‘ನಿಮ್ಮ ಮನೆಯವರ ಕೆಲಸ ಏನು?’ ಎಂದು ಕೇಳಿದರೆ ನಿಮ್ಮ ಮಗ ‘ಇಕಿ ಏನೂ ಕೆಲಸಾ ಮಾಡಂಗಿಲ್ಲರಿ, ಮನ್ಯಾಗ ಇರ್ತಾಳ’ ಎಂದುಬಿಟ್ಟರು. ಆ ಹೊತ್ತಿಗೆ ಈ ಗೋಡೆಯಿಂದ ಆ ಗೋಡೆಗೆ ಕೌದಿ ಹಾಸಿತ್ತು. ಕಾಲಿಡಲು ಜಾಗವಿಲ್ಲದೆ ಅವರು ಈ ಘನವಾದ ಸಾಕ್ಷಿ ನುಡಿದದ್ದು ಹೊಸ್ತಿಲ ಮೇಲೆ, ಕೊಕ್ಕರೆಯಂತೆ ಒಂಟಿಕಾಲಲ್ಲಿ ನಿಂತು! ಬಂದವರು ನಕ್ಕು, ‘ಹಂಗಾದ್ರ ಕೆಲಸಾ ಕೊಡೋರು ಯಾರು, ಅವರ ಬಾಯಿಂದ ಹೇಳಸ್ರಿ. ಇಲ್ಲಾಂದ್ರ ಹೆಸರು ಹೊಡದ ಹಾಕ್ತೇವಿ’ ಎಂದು ಹೋದರು.

ಕೆಲಸ ಕೊಡುವವರು ಇನ್ಯಾರು, ನಮ್ಮ ಬಸವೇಶ ಸಾವಕಾರರು. ಹದಿನೆಂಟು ವರ್ಷ ಮನೆಬಾಗಿಲಿಗೆ ತುಂಡು ಬಟ್ಟೆ ತಂದು ಹಾಕಿ, ಹೊಲಿದ ಕೌದಿ ಒಯ್ದು ಊರೂರಿಗೆ ಮಾರಿದವರು, ನಿಮ್ಮ ಕೈಯ ಚಹಾ ಕುಡಿದವರು. ಹಾನಗಲ್ಲ, ಹಿರೇಕೆರೂರ ಕಡೆಯವರೂ ಸೇರಿ ಇಪ್ಪತ್ತು ಹೆಂಗಸರು ಶಿಗ್ಗಾವಿಯ ಅವರ ಗೋದಾಮಿಗೆ ಹೋದೆವು. ಅಲ್ಲಿಗೆ ಬಂದಿದ್ದ ಕಾರ್ಮಿಕ ಕಚೇರಿಯ ಅಧಿಕಾರಿ ಮೇಡಂ ಎದುರು ಸಾವಕಾರರು ನಮ್ಮನ್ನು ಕಣ್ಣು ಕಿರಿದು ಮಾಡಿ ನೋಡಿ, ‘ಈ ಅಕ್ಕಾರು ಯಾರಂತ ನನಗ ಗೊತ್ತಿಲ್ಲರಿ. ನನ್ನ ಕೌದಿ ಎಲ್ಲಾ ಇಲ್ಲೇ ಹಿಂದಿನ ಶೆಡ್ಡಿನಾಗ ಹೊಲಿತಾರ’ ಎಂದರು. ಶೆಡ್ಡಿನಲ್ಲಿದ್ದದ್ದು ತುಕ್ಕು ಹಿಡಿದ ಒಂದು ಮಷೀನು, ಅದರ ಮೇಲೆ ಕಾವಿಗೆ ಕೂತ ಒಂದು ಕೋಳಿ. ಕುಲಸುಮಬಿ ಬಹಳ ವಿನಯದಿಂದ, ‘ಇಕಿನ ಏನ್ರಿ ನಿಮ್ಮ ಟೇಲರ್?’ ಎಂದು ಕೇಳಿದಳು.

ನಕ್ಕರೆ ಹೆಸರು ಉಳಿಯುವುದಿಲ್ಲವಲ್ಲ. ನಮ್ಮ ಕೈಯಲ್ಲಿ ಒಂದು ಕಾಗದದ ಚೂರೂ ಇರಲಿಲ್ಲ. ಆಗ ನಿಮ್ಮ ಹುಚ್ಚು ನೆನಪಾಯಿತು. ಕೊನೆಯ ಮೂಲೆ ಮುಚ್ಚುವ ಮುನ್ನ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯ ಚೂರೊಂದನ್ನು ಒಳಗಿಟ್ಟು, ‘ಕೌದೀಗೂ ಹೊಟ್ಟಿ ಐತಿ, ಉಪಾಸ ಕಳಸಬ್ಯಾಡವಾ’ ಎನ್ನುತ್ತಿದ್ದಿರಿ. ಕುಲಸುಮಬಿಯೂ ನಿಮ್ಮಿಂದ ಕಲಿತಳು, ಆದರೆ ಅವಳು ಇಡುವುದು ನಮ್ಮೂರಿನ ಕುರುಕಲು ಖಾರಾ. ಇರುವೆ ಬರುತ್ತವೆ, ಮೂಲೆಯಲ್ಲಿ ತಿನಿಸು ಸಿಕ್ಕರೆ ಕೂಲಿ ಕೊಡುವುದಿಲ್ಲವೆಂದು ಸಾವಕಾರರು ಎಷ್ಟು ಸಲ ಕೂಗಾಡಿಲ್ಲ! ನಾನು ಮುಂದೆ ನುಗ್ಗಿ, ‘ಮೇಡಂ, ಮೂಲಿ ಬಿಚ್ಚಸ್ರಿ. ಒಳಗ ಏನೈತಿ ಅಂತ ಬಿಚ್ಚೂಕಿಂತ ಮೊದಲ ನಾವು ಹೇಳ್ತೇವಿ’ ಎಂದೆ.

ಗೋದಾಮಿನ ರಾಶಿಯಿಂದ ತೆಗೆದ ಮೊದಲ ಕೌದಿಯನ್ನು ಕುಲಸುಮಬಿ ತನ್ನದೆಂದಳು, ಒಳಗೆ ಖಾರಾ ಇದೆಯೆಂದಳು. ಚಿಟಿಕೆ ಖಾರಾ ಉದುರಿತು, ಎರಡು ಶೇಂಗಾ ಸಹಿತ. ಮಷೀನಿನಿಂದ ಇಳಿದು ಬಂದ ಕೋಳಿ ಸಾಕ್ಷಿಯನ್ನು ತಿಂದು ಮುಗಿಸುವ ಮೊದಲೇ ಮೇಡಂ ಬರೆದುಕೊಂಡರು. ಆಮೇಲೆ ರಾಶಿಯ ನಡುವಿನಿಂದ ಇನ್ನೊಂದನ್ನು ಎಳೆದರು. ನಟ್ಟನಡುವೆ ನಿಮ್ಮ ಹಸಿರು ಇಳಕಲ್ಲ ಸೀರೆಯ ತುಂಡು. ನಿಮ್ಮನ್ನೇ ಕೈಹಿಡಿದು ಎಳೆತಂದಂತಿತ್ತು. ‘ಇದು ನಂದು. ಒಳಗ ಸಜ್ಜಿ ರೊಟ್ಟಿ’ ಎಂದೆ. ಬಿಚ್ಚಿದರು. ಉಗುರಿನಷ್ಟು ರೊಟ್ಟಿ ಚೂರು, ಎಳ್ಳು ಸಮೇತ, ಅಂಗೈ ಮೇಲೆ ಬಿತ್ತು. ಸಾವಕಾರರು ಚಾಳೀಸು ಕನ್ನಡಕ ಒರೆಸುತ್ತಲೇ ನಿಂತರು. ಇಪ್ಪತ್ತೂ ಹೆಸರು ಉಳಿದವು. ಶೆಡ್ಡಿನ ಸುಳ್ಳು ಬಯಲಾದ ಮೇಲೆ, ನಮಗೆಲ್ಲ ಕೆಲಸ ಕೊಡುವವರು ತಾವೇ ಎಂದು ಸಾವಕಾರರು ಬರೆದು ಸಹಿ ಹಾಕಿದರು.

ನಿಮ್ಮ ಆಶೀರ್ವಾದ ಹೀಗೆಯೇ ಇರಲಿ. ಥಂಡಿ ಬಂತು, ಮೊಣಕಾಲು ಜೋಪಾನ.

ನಿಮ್ಮ ಸೊಸೆ,
ಸುಧಾರಾಣಿ
ಉದ್ಯೋಗ: ಕೌದಿ ಹೊಲಿಯುವುದು (ಈಗ ಹೀಗೆ ಬರೆಯಬಹುದು)

ತಾ.ಕ.: ಮುಖ್ಯ ಮಾತೇ ಉಳಿಯಿತು. ಆ ಹಸಿರು ಸೀರೆಯನ್ನು ನಾನು ಕತ್ತರಿಸಿದ್ದು ನೀವು ಹೋದ ಮೇಲೆ. ಕೂಲಿ ತಪ್ಪೀತೆಂದು ಹೆದರಿ ಅಷ್ಟರಲ್ಲಿ ನಾನು ರೊಟ್ಟಿ ಇಡುವುದನ್ನು ಬಿಟ್ಟಿದ್ದೆ. ರಾಶಿಯಿಂದ ನಿಮ್ಮ ಕಾಲದ್ದೊಂದು ಬಂದೀತೆಂಬ ಧೈರ್ಯದಲ್ಲಿ ಕೂಗಿದ್ದೆ. ಬಂದದ್ದು ಆ ಹಸಿರು ಸೀರೆಯದು; ಅದರ ಮೂಲೆಯನ್ನು ಬರಿದೇ, ಕಪ್ಪು ದಾರದಲ್ಲಿ, ಈ ಕೈಯಿಂದಲೇ ಮುಚ್ಚಿದ್ದೆ. ಖಾಲಿ ಎಂದರೆ ಸಾಕ್ಷಿಯಾಗದೆಂದು ರೊಟ್ಟಿ ಎಂದು ಸುಳ್ಳು ಹೇಳಿದೆ. ಮೇಡಂ ಬಿಚ್ಚಿಸಿದಾಗ ಬಂದದ್ದು ಕೆಂಪು ದಾರ. ಮನೆಯಲ್ಲಿ ಸಜ್ಜಿ ಹಿಟ್ಟು ಮುಗಿದು ಐದು ತಿಂಗಳಾಯಿತು. ಹೊರಡುವ ಮುನ್ನ, ನಮ್ಮ ಅತ್ತೆ ಹಾಲವ್ವನವರ ಹೆಸರನ್ನೂ ಬರೆದುಕೊಳ್ಳಿ ಎಂದು ಕೇಳಿದೆ. ‘ತೀರಿಕೊಂಡವರು ಕೆಲಸಾ ಮಾಡಂಗಿಲ್ಲಲ್ಲವಾ’ ಎಂದರು ಮೇಡಂ. ನಾನು ವಾದಕ್ಕೆ ಹೋಗಲಿಲ್ಲ.