ನಂಬರಿನ ಕೊನೆಯ ಅಕ್ಷರ

ದೊಡ್ಡವನೇ,

ಊಟ ಮುಚ್ಚಿಟ್ಟಿದ್ದೇನೆ. ಒಗೆದ ಬಟ್ಟೆ ಮಷೀನಿನಲ್ಲೇ ಇದೆ, ಹರವು.

ನಿನ್ನ ತಂಗಿಯ ಕೆಲಸವನ್ನು ಅಲ್ಲಿನ ಕಂಪ್ಯೂಟರಿನಲ್ಲಿ ಮುಗಿಸಲು ಅವಳನ್ನು ಕರೆದುಕೊಂಡು ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೋಗುತ್ತಿದ್ದೇನೆ. ಅವಳು ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡಿದ ಕಟ್ಟಡದ ವಿಡಿಯೋ ತಯಾರಿಸಿ ಐದು ಗಂಟೆಯೊಳಗೆ ಕಾಲೇಜಿಗೆ ಕೊಡಬೇಕು. ಅವಳ ಹಳೆಯ ಡೆಸ್ಕ್‌ಟಾಪಿನಲ್ಲಾದರೆ ಎರಡು ಗಂಟೆಯ ಕೆಲಸ. ಅವಳನ್ನು ಕೇಳದೆ ಅದನ್ನು ನಿನ್ನ ಗೆಳೆಯನಿಗೆ ಕೊಟ್ಟು ನೀನು ತಂದ ಲ್ಯಾಪ್‌ಟಾಪಿನಲ್ಲಿ ಬೆಳಗಿನಿಂದ ಅರ್ಧವೂ ಆಗಿಲ್ಲ. ಕುಕ್ಕರ್ ಸ್ಟ್ಯಾಂಡಿನ ಮೇಲಿಟ್ಟು ಟೇಬಲ್ ಫ್ಯಾನ್ ಹಾಕಿದೆವು. ಆದರೂ ಕೈ ಇಡಲಾಗದಷ್ಟು ಕಾದಿದೆ.

"ಪ್ರೊಸೆಸರ್ ಹೆಸರೂ ಅದೇ, ನಂಬರೂ ಅದೇ, ನಿಂಗೇನಮ್ಮಾ ಗೊತ್ತಾಗುತ್ತೆ" ಅಂದಿದ್ದೆ ನೀನು. ನಾನು ಆ ನಂಬರನ್ನು ಅಂಗಡಿಯವರಿಗೆ ಫೋನಿನಲ್ಲಿ ಓದಿ ಹೇಳಿದೆ. "ನಂಬರಿನ ಕೊನೇಲಿ ಒಂದು ಅಕ್ಷರ ಇದೆಯಲ್ಲಮ್ಮಾ, ಅದನ್ನ ನೋಡ್ಬೇಕಿತ್ತು. ಆ ಅಕ್ಷರ ಇದ್ರೆ ಅದು ಲ್ಯಾಪ್‌ಟಾಪಿನ ಪ್ರೊಸೆಸರ್ ಅಂತ, ಬಿಸಿ ಆದ್ರೆ ತಾನಾಗೇ ನಿಧಾನ ಆಗುತ್ತೆ. ಡೆಸ್ಕ್‌ಟಾಪಲ್ಲಾದ್ರೆ ದೊಡ್ಡ ಫ್ಯಾನಿಗೆ ಜಾಗ ಇರುತ್ತೆ" ಅಂದರು. ನಿನಗೆ ಬೇಕಾಗಿದ್ದೂ ಆ ಡೆಸ್ಕ್‌ಟಾಪ್ ಕೂತಿದ್ದ ಜಾಗವೇ ಅಲ್ಲವೇ? ಈಗ ಅವಳ ಮೇಜಿನ ಮೇಲೆ ನಿನ್ನ ಟಿವಿ ಕೂತಿದೆ.

ಅವಳು ನಿನ್ನನ್ನು ಬೈಯಲಿಲ್ಲ. "ಅಣ್ಣ ಪ್ರೀತಿಯಿಂದ ತಂದಿದ್ದಲ್ವಾ, ಹೋಗ್ಲಿ ಬಿಡಮ್ಮ" ಅಂದಳು. ಆ "ಹೋಗ್ಲಿ ಬಿಡು" ನನ್ನದು. ಇಷ್ಟು ವರ್ಷ ನಿನ್ನ ವಿಷಯದಲ್ಲಿ ನಾನು ಹೇಳಿದ್ದನ್ನೇ ಕೇಳಿ ಕಲಿತಿದ್ದಾಳೆ.

ಇವತ್ತು ಬಿಡುವುದಿಲ್ಲ. ನಾವು ಬರುವಷ್ಟರಲ್ಲಿ ಟಿವಿ ಕೆಳಗಿಳಿಸಿ, ಗೆಳೆಯನ ಮನೆಯಿಂದ ಡೆಸ್ಕ್‌ಟಾಪ್ ತಂದು ಅವಳ ಮೇಜಿನ ಮೇಲಿಡು.

ಊಟ ಮಾಡಿಕೊಂಡೇ ಹೋಗು.

ಅಮ್ಮ