ಮಾರಿಕುಪ್ಪಂನಲ್ಲಿ ಹಿಮ

ನನ್ನ ಕ್ಯಾಸೆಟ್ ಮಾಮನಿಗೆ,

ಬಂಗಾರಪೇಟೆ ಸ್ಟೇಷನ್ ರಸ್ತೆಯಲ್ಲಿ ಕ್ಯಾಸೆಟ್ ಅಂಗಡಿ ಇಟ್ಟು, ಕ್ಯಾಸೆಟ್ಟುಗಳ ಕಾಲ ಮುಗಿದ ಮೇಲೂ ಷಟರ್ ಎತ್ತುವುದನ್ನು ಬಿಡದಿದ್ದ, ಕನ್ನಡ ತಮಿಳು ತೆಲುಗು ಮೂರನ್ನೂ ಮುತ್ತಿನಂತೆ ಬರೆಯುತ್ತಿದ್ದ, 'ಕೇಜ್ ನಂಬರ್ ನಾಲ್ಕು' ಎಂಬ ರಾಕ್ ಬ್ಯಾಂಡಿನ ಏಕೈಕ ಇತಿಹಾಸಕಾರನಾದ ನಿನ್ನ ಸನ್ನಿಧಾನಕ್ಕೆ, ನಿನ್ನ ಅಕ್ಕನ ಮಗಳು ಪದ್ದಿ ತಲೆಬಾಗಿ ಅರಿಕೆ ಮಾಡಿಕೊಳ್ಳುವ ತಪ್ಪೊಪ್ಪಿಗೆ. ನಗಬೇಡ ಮಾಮ. ಈ ಸಲ ನಿಜವಾಗಿಯೂ ತಪ್ಪೊಪ್ಪಿಗೆ. ತಲೆ ಮಾತ್ರ ಅಷ್ಟಾಗಿ ಬಾಗಿಲ್ಲ.

ನೀನು ಆ ಕೆಂಪು ರಟ್ಟಿನ ಉದ್ದ ಪುಸ್ತಕವನ್ನು ತೆರೆದ ಮಧ್ಯಾಹ್ನ ನೆನಪಿದೆಯಾ? ಸ್ಟೇಷನ್ನಿನಲ್ಲಿ ಮಾರಿಕುಪ್ಪಂ ರೈಲು ನಿಂತಿತ್ತು. ಸ್ಕೇಲು ಇಟ್ಟು ಗೆರೆ ಎಳೆದೆ: ಕ್ರಮಸಂಖ್ಯೆ, ಹೆಸರು, ಕಾಲ, ಕೇಳಿದ್ದು ಎಲ್ಲಿ. "ಕೇಜಿಂದು ಒಂದೊಂದು ಕ್ಯಾಸೆಟ್ಟೂ ಇದ್ರಲ್ಲಿ ಸೇರ್ಬೇಕು ಕಣಮ್ಮಿ. ಬೇರೆಯವ್ರು ಏಳಿದ್ದು ಪೆನ್ಸಿಲ್ಲಲ್ಲಿ. ನನ್ ಕಿವಿಯಾರೆ ಕೇಳಿದ್ದು ಮಾತ್ರ ಇಂಕಲ್ಲಿ," ಅಂದೆ. ರಾಜಪತ್ರ ಹೊರಡಿಸುವವನ ಹಾಗೆ ನಿನ್ನ ಮುಖ. ಚಿನ್ನದ ಗಣಿಯೊಳಕ್ಕೆ ಆಳುಗಳನ್ನು ಇಳಿಸುವ ಕಬ್ಬಿಣದ ಪಂಜರದ ಹೆಸರಿಟ್ಟುಕೊಂಡ ಬ್ಯಾಂಡಿಗೆ ಅಷ್ಟು ಗಂಭೀರ ಮುಖ ಬೇಕಿತ್ತೋ ಏನೋ. ನಾನಂತೂ ಅವತ್ತೇ ಅಂದುಕೊಂಡೆ, ಈ ಮುಖಕ್ಕೆ ಏನಾದರೂ ಮಾಡಲೇಬೇಕು ಅಂತ.

ಯಾವ ಕ್ಯಾಸೆಟ್ಟು ಯಾವ ವರ್ಷದ್ದು ಎಂದು ಯಾರಿಗೂ ನೆನಪಿರಲಿಲ್ಲ. ನೀನು ಸೈರನ್ ಕೇಳಿ ಹೇಳುತ್ತಿದ್ದೆ. ಎಲ್ಲವನ್ನೂ ರೆಕಾರ್ಡ್ ಮಾಡಿದ್ದು ಮಾರಿಕುಪ್ಪಂನಲ್ಲಿ, ಗಣಿ ಆಳುಗಳ ಸಾಲುಮನೆಗಳಲ್ಲೊಂದಾದ, ಡ್ರಮ್ಸ್ ನುಡಿಸುವ ಸೆಲ್ವ ತಾತನ ಲೈನ್ ಮನೆಯಲ್ಲಿ. ಹಾಡಿನ ನಡುವೆ ಗಣಿಯ ಪಾಳಿ ಬದಲಾಗುವ ಸೈರನ್ ಬಂದುಬಿಡುತ್ತಿತ್ತು. ಸೈರನ್ ಇದ್ದರೆ ಗಣಿ ನಡೆಯುತ್ತಿದ್ದ ಕಾಲ, ಇಲ್ಲದಿದ್ದರೆ ಮುಚ್ಚಿದ ಮೇಲಿನದು. ಗಣಿ ಮುಚ್ಚಿದ ಮೇಲೆ ಹುಟ್ಟಿದ ನಾನು ಆ ಸದ್ದನ್ನು ಮೊದಲು ಕೇಳಿದ್ದೇ ಗಿಟಾರಿನ ಹಿಂದೆ. ಎಲ್ಲೋ ದೂರದಲ್ಲಿ ಎದ್ದು, ಹಾಡಿನ ಮೇಲೆ ಹಾದು, ಇಳಿದುಹೋಗುತ್ತಿತ್ತು. ನೀನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಊರೆಲ್ಲ ಊಟದ ಕ್ಯಾರಿಯರ್ ಹಿಡಿದು ನಡೆಯುತ್ತಿರುವುದು ನನಗೂ ಕಾಣುತ್ತಿತ್ತು, ನಾನು ಎಂದೂ ನೋಡದ ಊರು…

ಆರನೆಯ ಕ್ಯಾಸೆಟ್ಟಿಗೆ ಬಂದಾಗ ನಿನ್ನ ಪೆನ್ನು ನಿಂತಿತು. ಕ್ರಮಸಂಖ್ಯೆ ಬರೆದೆ, ಹೆಸರಿನ ಜಾಗ ಖಾಲಿ ಬಿಟ್ಟೆ. ಬಂಗಾರಪೇಟೆಯಲ್ಲಿ ಅದರ ಹೆಸರು 'ಕೆಳಗಿಳಿ'. ಮಾರಿಕುಪ್ಪಂನಲ್ಲಿ ತಮಿಳಿನ 'ಮೇಲೇ ವಾ', ಅಂದರೆ ಮೇಲೆ ಬಾ. ಕಾಮಸಮುದ್ರದ ಕಡೆ ತೆಲುಗಿನ 'ಅಕ್ಕಡೇ ಉಂಡು', ಅಲ್ಲೇ ಇರು. ಅವೇ ಎಂಟು ಹಾಡುಗಳು! ಗಿಟಾರ್ ಹಿಡಿದು ಹಾಡುವ ರತ್ನಪ್ಪ ತಾತನ ಪ್ರಕಾರ 'ಕೆಳಗಿಳಿ'ಯೇ ಸರಿ, ಇನ್ನೊಂದು ಹೆಸರನ್ನು ಸೆಲ್ವ ತಾತ ಕದ್ದು ಬರೆಸಿದ್ದು. ಸೆಲ್ವ ತಾತನ ಪ್ರಕಾರ ಕಳ್ಳ ರತ್ನಪ್ಪ ತಾತ. ಇಬ್ಬರೂ ಮಾತು ಬಿಟ್ಟರು, ಆದರೆ ಬ್ಯಾಂಡು ಬಿಡಲಿಲ್ಲ. ಸ್ಟೇಜಿನ ಮೇಲೆ ನಡುವೆ ನೀನು ನಿಂತಿರುತ್ತಿದ್ದೆ. "ಅವ್ನಿಗೆ ಏಳಪ್ಪ, ಸ್ಪೀಡ್ ಕಮ್ಮಿ ಮಾಡು ಅಂತ." ರತ್ನಪ್ಪ ತಾತನ ಮಾತನ್ನು ನಾಲ್ಕು ಹೆಜ್ಜೆ ನಡೆದು ಸೆಲ್ವ ತಾತನಿಗೆ ಹೇಳುತ್ತಿದ್ದೆ. "ಅವ್ನಿಗೆ ಏಳು, ಮೊದ್ಲು ಸುರುತಿಗೆ ಬಾಲಾ ಅಂತ." ನಾಲ್ಕು ಹೆಜ್ಜೆ ವಾಪಸ್ಸು. ಅವರ ಮುನಿಸಿಗೆ ನನಗಿಂತ ಹೆಚ್ಚು ವಯಸ್ಸಾಗಿತ್ತು.

ಅವತ್ತು ಅಂಗಡಿಯಲ್ಲಿ ಯಾರೂ ಇರಲಿಲ್ಲ. ಆದರೂ ದನಿ ತಗ್ಗಿಸಿ ಹೇಳಿದೆ: "ಆ ಎಸ್ರುಗಳನ್ನ ಯಾರೂ ಬರೆಸ್ಲಿಲ್ಲ ಕಣಮ್ಮಿ. ನಾನೇ ಬರ್ದಿದ್ದು. ಲೈನ್ ಮನೇಲಿ ಗಂಡ ಕೇಜಲ್ಲಿ ಇಳಿದು ಓಗಿರ್ತಾನೆ. ಆ ಯಮ್ಮನ ಕೈಗೆ 'ಕೆಳಗಿಳಿ' ಅಂತ ಬರ್ದಿರೋ ಕ್ಯಾಸೆಟ್ ಎಂಗೆ ಕೊಡ್ಲಿ? ಮೇಲೆ ಬಾ ಅಂತ ಬರ್ದೆ. ಕಾಮಸಮುದ್ರದವ್ರು ಮಕ್ಳು ಒಲ ಬಿಟ್ಟು ಗಣಿಗೆ ಓಗ್ತಾವೆ ಅಂತ ಅಳ್ತಿದ್ರು. ಅವ್ರಿಗೆ ಅಲ್ಲೇ ಇರು."

"ಮತ್ತೆ ಅವರಿಬ್ಬರಿಗೂ ಹೇಳಬಾರದಾ ಮಾಮ?"

"ಏಳಿದ್ರೆ ಇಬ್ರೂ ಒಂದಾಗ್ತಾರೆ, ಒಂದಾಗಿ ನನ್ನ ಬಿಟ್ಬಿಡ್ತಾರೆ. ನಾನಿರೋಗಂಟ ಬಾಯಿ ಬಿಡ್ಬೇಡ."

ಬಾಯಿ ಬಿಡಲಿಲ್ಲ ಮಾಮ. ಅಷ್ಟು ಮಟ್ಟಿಗೆ ನಾನು ಒಳ್ಳೆಯವಳು.

ಹನ್ನೊಂದೂ ಕ್ಯಾಸೆಟ್ಟು ಬರೆದು ಮುಗಿದ ದಿನ ನೀನು ಪುಸ್ತಕ ಮುಚ್ಚಿ, ಅದರ ಮೇಲೆ ಅಂಗೈ ಇಟ್ಟುಕೊಂಡು ಸುಮ್ಮನೆ ಕೂತಿದ್ದೆ. ಅದನ್ನು ನೋಡಲಾರದೆ ಈ ತಪ್ಪು ಮಾಡಿದೆ ಎಂದರೆ ಕೇಳಲು ಚೆನ್ನಾಗಿರುತ್ತದೆ. ನಿಜವೆಂದರೆ ಪರೀಕ್ಷೆ ಮುಗಿದು ನನಗೆ ಕೆಲಸವಿರಲಿಲ್ಲ. ಎಡಗೈಯಲ್ಲಿ ಒಂದು ಕಾಗದ ಬರೆದು ನಿನ್ನ ಅಂಗಡಿಯ ಷಟರ್ ಕೆಳಗೆ ತೂರಿಸಿದೆ. 'ಮಾನ್ಯರೇ, ಬೂದಿಕೋಟೆಯ ಬೈಚಪ್ಪ ಮಾಡುವ ನಮಸ್ಕಾರಗಳು. ತಮ್ಮ ಬ್ಯಾಂಡಿನ ಹನ್ನೆರಡನೆಯ ಕ್ಯಾಸೆಟ್ಟಾದ "ಮಾರಿಕುಪ್ಪಂನಲ್ಲಿ ಹಿಮ" ನಮ್ಮಲ್ಲಿತ್ತು. ಅದನ್ನು ಹಾಕಿದರೆ ಮಾತ್ರ ನಮ್ಮ ಸೀಮೆಹಸು ಹಾಲು ಕೊಡುತ್ತಿತ್ತು. ಕಳೆದ ತಿಂಗಳು ಅದೇ ಹಸು ಕ್ಯಾಸೆಟ್ಟಿನ ರೀಲು ಎಳೆದು ತಿಂದಿದೆ ಎಂದು ವಿಷಾದದಿಂದ ತಿಳಿಸುತ್ತೇನೆ.' ಹಸುವಿನ ಮಾತು ಓದಿದ ಮೇಲಾದರೂ ನೀನು ನಗುತ್ತೀಯ ಅಂದುಕೊಂಡಿದ್ದೆ. ನೀನು ಪೆನ್ಸಿಲ್ ಚೂಪು ಮಾಡಿದೆ. ಹನ್ನೆರಡು ಎಂದು ಬರೆದೆ. "ನಡಿಯಮ್ಮಿ, ಬೂದಿಕೋಟೆ ಬಸ್ಸಿಗೆ ಒತ್ತಾಯ್ತು," ಅಂದೆ.

ಬೂದಿಕೋಟೆಯ ಹಾಲಿನ ಡೈರಿ ಮುಂದೆ ನೀನು ಕೈಮುಗಿದು ವಿಚಾರಿಸಿದ್ದು ಕಣ್ಣ ಮುಂದೆಯೇ ಇದೆ. ಈಗ ಸಿಕ್ಕಿಬಿದ್ದೆ ಎಂದು ನಾನು ಚಪ್ಪಲಿ ನೋಡುತ್ತ ನಿಂತಿದ್ದೆ. ಕ್ಯಾನು ಇಳಿಸುತ್ತಿದ್ದವನು ತಲೆಯೆತ್ತಿ, "ಸೀಮೆಅಸು ಬೈಚಪ್ಪನಾ? ಕಾಮಸಮುದ್ರಕ್ಕೆ ಓದ್ನಲ್ಲಪ್ಪ, ಮಗಳ ಮನೇಗೆ," ಅಂದ! ಪಕ್ಕದ ಹೆಂಗಸು ಬಿಡುತ್ತಾಳಾ? "ಅದು ಕ್ಯಾಸೆಟ್ಟಲ್ಲಿ ಪಾಟು ಆಕಿದ್ರೇನೇ ಆಲು ಬಿಡ್ತಿದ್ದಿದ್ದು. ನಾನೇ ಕಣ್ಣಾರೆ ನೋಡೀನಿ." ಮಾಮ, ಆ ಬೈಚಪ್ಪನನ್ನು ಹಿಂದಿನ ದಿನ ಸಂಜೆ ಕಾಫಿ ಕುಡಿಯುತ್ತ ನಾನು ಹುಟ್ಟಿಸಿದ್ದೆ. ಒಂದೇ ರಾತ್ರಿಯಲ್ಲಿ ಅವನಿಗೆ ಮದುವೆಯಾಗಿ, ಮಗಳು ಹುಟ್ಟಿ, ಮಗಳಿಗೂ ಮದುವೆಯಾಗಿ… ಆ ಊರಿನ ಜನಕ್ಕೆ 'ಗೊತ್ತಿಲ್ಲ' ಎಂದು ಹೇಳಿ ನಿನ್ನನ್ನು ಬರಿಗೈಯಲ್ಲಿ ಕಳಿಸಲು ಮನಸ್ಸಾಗಲಿಲ್ಲವೇನೋ.

ವಾಪಸ್ಸು ಬರುವ ಬಸ್ಸಿನಲ್ಲಿ ಹೇಳಿಬಿಡೋಣ ಅಂದುಕೊಂಡೆ. ಕಿಟಕಿಯಾಚೆ ಟೊಮೇಟೊ ತೋಟಗಳು, ಒಣಗಿದ ಕೆರೆಯಂಗಳ, ಎಲ್ಲದರ ಮೇಲೂ ಹಳದಿ ಬಿಸಿಲು. ನೀನು ತಲೆಯನ್ನು ಕಂಬಿಗೆ ಆನಿಸಿ ಕಣ್ಣು ಮುಚ್ಚಿದ್ದೆ. ಹೇಳಬೇಕಾದ ಮಾತು ಗಂಟಲಿಗೆ ಬಂದು, ಬಾಯಿಗೆ ಬರದೆ, ರಾಗವಾಗಿ ಹೋಯಿತು. ಭಯಕ್ಕೋ ನಾಚಿಕೆಗೋ, ಊರು ಬರುವ ತನಕ ಏನೋ ಗುನುಗುತ್ತಲೇ ಇದ್ದೆ. ನೀನು ನಿದ್ದೆ ಮಾಡುತ್ತಿದ್ದೀಯ ಅಂದುಕೊಂಡಿದ್ದೆ.

ಆಮೇಲೆ ನೀನು ಇಬ್ಬರು ತಾತಂದಿರನ್ನೂ ಬೇರೆಬೇರೆಯಾಗಿ ಕೇಳಿದೆ. "ಮಾರಿಕುಪ್ಪಂನಲ್ಲಿ ಇಮಾನಾ? ನಂದೇ ಪಾಟದು. ಚಿನ್ನದ ಕಲ್ಲು ಅರೆದ ಮಿಲ್ಲಿನ ಬೆಳ್ಳನೆ ಬೂದಿ ದಿಬ್ಬ ಐತಲ್ಲ, ಬೆಳಗ್ಗೆ ಅದನ್ನ ನೋಡ್ಕೊಂಡೇ ಕಟ್ಟಿದ್ದು," ಅಂದರು ರತ್ನಪ್ಪ ತಾತ. ಸೆಲ್ವ ತಾತ ಇನ್ನೂ ಮೇಲೆ. "ಅದ್ರಲ್ಲಿ ನಾನು ಡ್ರಮ್ಮಿಗೆ ಕಡ್ಡಿ ಬಿಟ್ಟು ತಂತಿ ಬ್ರಶ್ ಇಡ್ದಿದ್ದೆ ಪಾಪಾ. ಇಮ ಬಿದ್ದಂಗೆ ಕೇಳ್ಬೇಕು ಅಂತ." ಇಲ್ಲದ ಹಾಡನ್ನು ಇಬ್ಬರೂ ಒಂದೇ ಥರ ಕಣ್ಣರಳಿಸಿ ನೆನಪಿಸಿಕೊಳ್ಳುವಾಗ ನಾನು ಯಾವ ಬಾಯಲ್ಲಿ ಹೇಳಲಿ? ನಾಳೆ ಹೇಳೋಣ, ನಾಳಿದ್ದು ಹೇಳೋಣ… ಆ ಬುಧವಾರ ಬೆಳಿಗ್ಗೆ ನೀನು ಷಟರ್ ಅರ್ಧ ಎತ್ತಿ, ಅಲ್ಲೇ ಮೆಟ್ಟಿಲ ಮೇಲೆ ಕೂತು…

ನಿನ್ನ ಹನ್ನೊಂದನೆಯ ದಿನದ ತಿಥಿಗೆ ಶಾಮಿಯಾನದ ಈ ತುದಿಯಲ್ಲಿ ಒಬ್ಬರು, ಆ ತುದಿಯಲ್ಲಿ ಒಬ್ಬರು. ಇಬ್ಬರ ಕಣ್ಣೂ ನಡುವಿನ ಖಾಲಿ ಜಾಗದಲ್ಲಿ ನಿನ್ನನ್ನು ಹುಡುಕುತ್ತಿತ್ತು. ಕಡೆಗೆ ಸೆಲ್ವ ತಾತ ನನ್ನನ್ನು ಕರೆದರು. "ಅವ್ನಿಗೆ ಏಳು ಪಾಪಾ, ಊಟ ಮಾಡ್ಕೊಂಡು ಓಗು ಅಂತ." ಹೇಳಿದೆ. "ಅವ್ನಿಗೆ ಏಳಮ್ಮಿ, ಇನ್ನ ಬ್ಯಾಂಡು ಸಾಕು ಅಂತ," ಅಂದರು ರತ್ನಪ್ಪ ತಾತ. ಅದನ್ನೂ ಹೇಳಿದೆ. ಸೆಲ್ವ ತಾತ ತಲೆಯಾಡಿಸಿದರು, ಅಷ್ಟೇ. ಮರುದಿನವೇ ಡ್ರಮ್ಸು ಗೋಣಿಚೀಲ ಹೊದ್ದು ಮೂಲೆ ಸೇರಿತು. ನಾಲ್ಕು ಹೆಜ್ಜೆ ನಡೆಯುವವನು ಇಲ್ಲವೆಂದು ಒಂದು ಬ್ಯಾಂಡು ನಿಂತುಹೋಗುತ್ತದಾ ಮಾಮ? ನಿಂತುಹೋಯಿತು.

ಅಮ್ಮ ಕೆಂಪು ಪುಸ್ತಕವನ್ನು ನನ್ನ ಕೈಗಿಟ್ಟ ಸಂಜೆ, ಹನ್ನೆರಡನೆಯ ಸಾಲನ್ನು ಅಳಿಸಲೆಂದು ರಬ್ಬರು ಹಿಡಿದೇ ಕೂತೆ. ನಿನ್ನ ಪುಸ್ತಕದಲ್ಲಿ ನನ್ನದೊಂದು ಸುಳ್ಳು ಉಳಿಯಬಾರದು, ಅಷ್ಟು ಬುದ್ಧಿ ನನಗೂ ಬಂದಿತ್ತು. ತೆರೆದರೆ, ಅದು ಅಳಿಸುವ ಹಾಗಿರಲಿಲ್ಲ. ಪೆನ್ಸಿಲ್ಲಿನ ಮೇಲೆ ನೀನು ಇಂಕಿನಲ್ಲಿ ತಿದ್ದಿದ್ದೆ. 'ಮಾರಿಕುಪ್ಪಂನಲ್ಲಿ ಹಿಮ.' ಕೇಳಿದ್ದು ಎಲ್ಲಿ ಎಂಬ ಕಡೆ, ಅದೇ ಮುತ್ತಿನಂಥ ಅಕ್ಷರದಲ್ಲಿ: 'ಬೂದಿಕೋಟೆ ಬಸ್ಸಿನಲ್ಲಿ. ಪಕ್ಕದ ಸೀಟಿನವಳು ಗುನುಗಿದ್ದು.'

ಕಳ್ಳ ಮಾಮ! ಕಾಗದ ಓದಿದಾಗಲೇ ಗೊತ್ತಾಗಿತ್ತಾ? ಡೈರಿ ಮುಂದೆ ಕೈಮುಗಿದಾಗ ಒಳಗೊಳಗೇ ನಗುತ್ತಿದ್ದೆಯಾ? ಅಥವಾ ನನ್ನ ಗಂಟಲಿನಲ್ಲೇ ಆ ಹಾಡು ನಿಜವಾಗಿಯೂ ಕೇಳಿತಾ ನಿನಗೆ?

ಮರುದಿನ ಇಬ್ಬರನ್ನೂ, ಒಬ್ಬರು ಬರುವುದು ಇನ್ನೊಬ್ಬರಿಗೆ ತಿಳಿಯದಂತೆ, ನಿನ್ನ ಅಂಗಡಿಗೆ ಕರೆಸಿದೆ. ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಮೊದಲು ಆ ಮೂರು ಹೆಸರುಗಳ ಬಗ್ಗೆ ನಿನ್ನ ಪರವಾಗಿ ನಾನೇ ಬರೆದ ತಪ್ಪೊಪ್ಪಿಗೆಯನ್ನು ಓದಿದೆ. ಲೈನ್ ಮನೆಯ ಹೆಂಗಸರ ಮಾತು ಬಂದಾಗ ಸೆಲ್ವ ತಾತ ಮುಖ ತಿರುಗಿಸಿದರು. ಅವರ ಅಪ್ಪ ಕೇಜಿನಲ್ಲಿ ಇಳಿದು ಹಿಂದಿರುಗದವರು ಎಂದು ನೀನು ಒಮ್ಮೆ ಹೇಳಿದ್ದೆ. ರತ್ನಪ್ಪ ತಾತ ಬಹಳ ಹೊತ್ತು ಕೈಯಲ್ಲಿದ್ದ ಟವಲನ್ನು ಮಡಿಸಿ ಬಿಚ್ಚಿ ಮಾಡುತ್ತಿದ್ದರು. ಆಮೇಲೆ ನನ್ನದನ್ನು ಓದಿದೆ: ಬೈಚಪ್ಪ ಇಲ್ಲ, ಹಸು ಇಲ್ಲ, ಹನ್ನೆರಡನೆಯ ಕ್ಯಾಸೆಟ್ಟು ಇಲ್ಲ.

"ಸುಮ್ನಿರಮ್ಮಿ, ನಿಂಗೆ ಯಾವಾಗ್ಲೂ ಆಟ. ನಾನು ಆಡಿರೋ ಪಾಟು ನಂಗೊತ್ತಿಲ್ವಾ?" ಅಂದರು ರತ್ನಪ್ಪ ತಾತ.

"ಬ್ರಶ್ ಇಡ್ದಿದ್ದು ಈ ಕೈ ಪಾಪಾ. ಎಲ್ಲಿ, ಒಂದ್ಸಲ ಆ ಪಾಟು ಅನ್ನು ನೋಡೋಣ."

ಹುಟ್ಟಿದಾಗಿನಿಂದ ಸುಳ್ಳು ಹೇಳಿ ದಕ್ಕಿಸಿಕೊಂಡವಳು, ಒಂದು ನಿಜ ಹೇಳಿದರೆ ನಂಬುವವರಿಲ್ಲ. ಬೇರೆ ದಾರಿ ಕಾಣದೆ ಗುನುಗಿದೆ. ಬಸ್ಸಿನದು ಅಷ್ಟೋ ಇಷ್ಟೋ ನೆನಪಿತ್ತು. ಸೆಲ್ವ ತಾತನ ಬೆರಳು ನಿನ್ನ ಕ್ಯಾಸೆಟ್ ಡಬ್ಬಿಗಳ ಮೇಲೆ ಆಡತೊಡಗಿತು. ರತ್ನಪ್ಪ ತಾತ ಕಣ್ಣು ಮುಚ್ಚಿ ದನಿ ಸೇರಿಸಿದರು. ನಡುವೆ ಒಂದು ಕಣ್ಣು ತೆರೆದು ಗದರಿದರು, "ನಿಧಾನ ಕಣ್ಲಾ!"

ನನಗಲ್ಲ ಮಾಮ. ನೇರವಾಗಿ ಸೆಲ್ವ ತಾತನಿಗೆ.

"ನೀನು ಮೊದ್ಲು ಸುರುತಿಗೆ ಬಾಲಾ," ಅಂದರು ಸೆಲ್ವ ತಾತ.

ಇಬ್ಬರೂ ಗಪ್ಪನೆ ನಿಂತರು. ಹೊರಗೆ ಆಟೋದವರು ಕೂಗುತ್ತಿದ್ದರು. ಆಮೇಲೆ ಬೆರಳು ಮತ್ತೆ ಶುರುವಾಯಿತು, ಸ್ವಲ್ಪ ನಿಧಾನಕ್ಕೆ.

ಹೋದ ಭಾನುವಾರ ಬೆಳಿಗ್ಗೆ ಅದೇ ಲೈನ್ ಮನೆಯಲ್ಲಿ 'ಮಾರಿಕುಪ್ಪಂನಲ್ಲಿ ಹಿಮ' ರೆಕಾರ್ಡ್ ಆಯಿತು. ಗೋಣಿಚೀಲ ಬಿಚ್ಚಿದ ಧೂಳು ಕಿಟಕಿಯ ಬಿಸಿಲಿನಲ್ಲಿ ನಿಧಾನವಾಗಿ ಇಳಿಯುತ್ತಿತ್ತು. ಆಚೆಗೆ ದಿಬ್ಬ ಬೆಳ್ಳಗೆ ಮಲಗಿತ್ತು. ಬ್ರಶ್ಶಿನ ಸದ್ದು ಮಾತ್ರ. ಸೈರನ್ ಬರಬೇಕಾದ ಜಾಗ ಬಂದಾಗ ಇಬ್ಬರೂ ತಮಗೆ ಗೊತ್ತಿಲ್ಲದೆಯೇ ತಡೆದರು, ಹಳೆಯ ಅಭ್ಯಾಸ. ಆ ಖಾಲಿಯೊಳಕ್ಕೆ ಮಾರಿಕುಪ್ಪಂ ರೈಲು ಒಂದು ಸಲ ಕೂಗಿಕೊಂಡು ಹೊರಟಿತು. ಅದನ್ನು ಹಾಗೇ ಬಿಟ್ಟಿದ್ದೇವೆ. ಮುಂದೆ ಯಾರಾದರೂ ಕಾಲ ಹುಡುಕಿದರೆ ರೈಲು ಕೇಳಿ ಹೇಳಲಿ.

ಜಗಳವೂ ಶುರುವಾಗಿದೆ, ಸಂತೋಷಪಡು. "ಮಾರಿಕುಪ್ಪಂನಲ್ಲಿ ಯಾವತ್ತಲಾ ಇಮ ಬಿದ್ದಿದ್ದು? 'ಬಿಳೀ ದಿಬ್ಬ' ಅನ್ನು," ಎಂದು ಸೆಲ್ವ ತಾತ. "ಇದ್ದ ಎಸ್ರು ಬದಲಾಯ್ಸೋಕೆ ನೀನ್ಯಾವನ್ಲಾ?" ಎಂದು ರತ್ನಪ್ಪ ತಾತ. ದಿನಾ ಫೋನಿನಲ್ಲಿ ಬೈದಾಡುತ್ತಾರೆ, ನಡುವೆ ಯಾರೂ ಬೇಕಿಲ್ಲ. ಆರನೆಯ ಸಾಲಿನಲ್ಲಿ ನೀನು ಬಿಟ್ಟ ಖಾಲಿ ಜಾಗದಲ್ಲಿ ಮೂರೂ ಹೆಸರನ್ನು ಒಟ್ಟಿಗೆ ಬರೆದಿದ್ದೇನೆ, ಇಂಕಿನಲ್ಲಿ, ಅವರಿಬ್ಬರ ಎದುರಿಗೇ. ಹನ್ನೆರಡನೆಯ ಸಾಲನ್ನು ಮುಟ್ಟಿಲ್ಲ. ಮುಟ್ಟುವುದಕ್ಕೆ ಏನಿದೆ ಅಲ್ಲಿ?

ಹಿಮ ಮಾತ್ರ ಇನ್ನೂ ಬಿದ್ದಿಲ್ಲ ಮಾಮ. ಬಿತ್ತು ಅಂತ ನಿನಗೆ ಎಡಗೈ ಅಕ್ಷರದ ಕಾಗದ ಬಂದರೆ, ನಂಬಬೇಡ. ಬಸ್ಸು ಹತ್ತಿಬಿಡು. ಕಿಟಕಿ ಪಕ್ಕದ ಸೀಟು ನಿನಗೇ ಬಿಟ್ಟಿರುತ್ತೇನೆ.

ನಿನ್ನ ಪಕ್ಕದ ಸೀಟಿನವಳು,
ಪದ್ದಿ